ಮೀಸಲು ಕ್ಷೇತ್ರದ ನಾಯಕನಿಗೆ ನೆಲೆ ಎಲ್ಲಿ?

2013ರ ಮೇ 8ರಂದು ವಿಧಾನಸಭಾ ಚುನಾವಣೆಯ ಮತ ಎಣಿಕೆ ಮುಗಿಯುವ ಹೊತ್ತಿಗೆ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಸ್ಪಷ್ಟ ಬಹುಮತ ಬಂದಿತ್ತು. ಏಳು ವರ್ಷ ಅಧಿಕಾರದಿಂದ ಹೊರಗಿದ್ದ ಪಕ್ಷ ಯಾರ ಹಂಗೂ ಇಲ್ಲದೆ ಸರ್ಕಾರ ರಚಿಸುವಷ್ಟು ಸ್ಥಾನ ಗಳಿಸಿತ್ತು. ಅದೇ ದಿನ, ಆ ಪಕ್ಷದ ರಾಜ್ಯ ಘಟಕದ ಅಧ್ಯಕ್ಷ ಡಾ. ಜಿ. ಪರಮೇಶ್ವರ ಅವರು ತುಮಕೂರು ಜಿಲ್ಲೆಯ ಕೊರಟಗೆರೆಯಲ್ಲಿ ಜೆಡಿಎಸ್‌ನ ಪಿ.ಆರ್. ಸುಧಾಕರಲಾಲ್ ಎದುರು 18,155 ಮತಗಳಿಂದ ಸೋತರು. ಐದು ದಿನಗಳ ನಂತರ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪಕ್ಷ ಗೆದ್ದಾಗ ಅಧ್ಯಕ್ಷನ ಹೆಸರು ಮುಖ್ಯಮಂತ್ರಿ ಸ್ಥಾನಕ್ಕೆ ಕೇಳಿಬರುವುದು ಕರ್ನಾಟಕ ಕಾಂಗ್ರೆಸ್‌ನಲ್ಲಿ ಹೊಸದೇನಲ್ಲ. 1989ರಲ್ಲಿ ವೀರೇಂದ್ರ ಪಾಟೀಲರೂ 1999ರಲ್ಲಿ ಎಸ್.ಎಂ. ಕೃಷ್ಣ ಅವರೂ ಆ ದಾರಿಯಲ್ಲೇ ವಿಧಾನಸೌಧದ ಮೂರನೇ ಮಹಡಿ ಏರಿದ್ದರು. ಕೊರಟಗೆರೆಯ ಸೋಲು ಪರಮೇಶ್ವರ ಅವರ ಪಾಲಿಗೆ ಆ ದಾರಿಯನ್ನೇ ಮುಚ್ಚಿತು.

ಆ ಸೋಲಿಗೆ ಆಗಲೂ ಈಗಲೂ ಕೇಳಿಬರುವ ವಿವರಣೆಗಳು ಮುಖ್ಯವಾಗಿ ಮೂರು. ಪಕ್ಷದೊಳಗಿನವರೇ ಒಳಏಟು ಕೊಟ್ಟರು ಎನ್ನುವುದು ಒಂದು. ಕ್ಷೇತ್ರದ ಜನರ ಕೈಗೆ ಅವರು ಸಿಗಲಿಲ್ಲ ಎನ್ನುವುದು ಇನ್ನೊಂದು. ಮೃದು ಸ್ವಭಾವದವರು, ರಾಜಕಾರಣಕ್ಕೆ ಬೇಕಾದ ಗಡಸುತನ ಅವರಲ್ಲಿಲ್ಲ ಎನ್ನುವುದು ಮೂರನೆಯದು. ಮೂರೂ ವ್ಯಕ್ತಿಗಳ ಸುತ್ತಲೇ ಸುತ್ತುತ್ತವೆ. ಯಾರು ಏನು ಮಾಡಿದರು, ಯಾರು ಏನು ಮಾಡಲಿಲ್ಲ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಪರಮೇಶ್ವರ ಅವರ ಮೂರೂವರೆ ದಶಕಗಳ ರಾಜಕೀಯ ಬದುಕನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಚುನಾವಣಾ ಚರಿತ್ರೆಯ ಜೊತೆಗಿಟ್ಟು ನೋಡಿದರೆ ಬೇರೆಯದೇ ಕಾರಣ ಕಾಣುತ್ತದೆ. ಮೀಸಲಾತಿ ಪರಿಶಿಷ್ಟ ಜಾತಿಯ ರಾಜಕಾರಣಿಗೆ ಸ್ಪರ್ಧಿಸುವ ಅವಕಾಶವನ್ನು ಖಾತ್ರಿಪಡಿಸಿದೆ. ಒಂದು ಊರಿನಲ್ಲಿ ಬೇರು ಬಿಡುವ ಅವಕಾಶವನ್ನು ಅದು ಖಾತ್ರಿಪಡಿಸಿಲ್ಲ. ಗಡಿ ಬದಲಾದಾಗ, ಮೀಸಲು ಪಟ್ಟಿ ಬದಲಾದಾಗ ಆತ ಎದ್ದು ನಡೆಯಬೇಕು. ರಾಜ್ಯಮಟ್ಟದ ನಾಯಕತ್ವಕ್ಕೆ ಬೇಕಾದ ಗಟ್ಟಿ ಕ್ಷೇತ್ರ ಅವನಿಗೆ ತಡವಾಗಿ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ. 2013ರ ಸೋಲಿನ ಬೇರು ಇರುವುದು 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಎಂಬುದು ಈ ಲೇಖನದ ವಾದ.

ಪರಮೇಶ್ವರ ಹುಟ್ಟಿದ್ದು 1951ರಲ್ಲಿ. ತಂದೆ ಎಚ್.ಎಂ. ಗಂಗಾಧರಯ್ಯ 1959ರಲ್ಲಿ ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಕಟ್ಟಿದವರು. ದಲಿತರೊಬ್ಬರು ಆ ಕಾಲದಲ್ಲಿ ಶಾಲೆಗಳ ಸಂಸ್ಥೆ ಕಟ್ಟಿದ್ದು, ಅದು ಮುಂದೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳವರೆಗೆ ಬೆಳೆದದ್ದು ತುಮಕೂರು ಜಿಲ್ಲೆಯ ಸಾಮಾಜಿಕ ಚರಿತ್ರೆಯಲ್ಲಿ ಪ್ರತ್ಯೇಕ ಅಧ್ಯಾಯಕ್ಕೆ ಅರ್ಹವಾದ ಸಂಗತಿ. ಮಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ವೈಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸಸ್ಯ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1989ರಲ್ಲಿ ಮಧುಗಿರಿಯಿಂದ ವಿಧಾನಸಭೆಗೆ ಮೊದಲ ಸಲ ಆಯ್ಕೆಯಾದರು. ಮಧುಗಿರಿ ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. 1994ರ ಜನತಾದಳದ ಅಲೆಯಲ್ಲಿ ಅದು ಗಂಗಹನುಮಯ್ಯ ಅವರ ಪಾಲಾಯಿತು. 1999ರಲ್ಲಿ ಅದೇ ಗಂಗಹನುಮಯ್ಯ ಅವರನ್ನು ಪರಮೇಶ್ವರ 55,802 ಮತಗಳ ಭಾರೀ ಅಂತರದಿಂದ ಸೋಲಿಸಿದರು. ಕೃಷ್ಣ ಸರ್ಕಾರದಲ್ಲಿ ಉನ್ನತ ಶಿಕ್ಷಣ ಮತ್ತು ವೈದ್ಯಕೀಯ ಶಿಕ್ಷಣದ ಹೊಣೆ ಹೊತ್ತರು, ಮೊದಲು ರಾಜ್ಯ ಸಚಿವರಾಗಿ, 2001ರ ನಂತರ ಸಂಪುಟ ದರ್ಜೆಯಲ್ಲಿ. 2004ರಲ್ಲಿ ಕಾಂಗ್ರೆಸ್ ರಾಜ್ಯದಾದ್ಯಂತ ನೆಲ ಕಳೆದುಕೊಂಡಾಗಲೂ ಮಧುಗಿರಿ ಅವರನ್ನು ಮೂರನೇ ಬಾರಿ ಗೆಲ್ಲಿಸಿತು. ಹದಿನೈದು ವರ್ಷಗಳಲ್ಲಿ ಮೂರು ಗೆಲುವು, ಒಂದೇ ಊರಿನ ಹೋಬಳಿ ಹೋಬಳಿಯ ಪರಿಚಯ, ಅದರ ಜೊತೆಗೆ ಸಂಪುಟದ ಅನುಭವ. ಸಾಮಾನ್ಯ ಕ್ಷೇತ್ರದ ರಾಜಕಾರಣಿಯೊಬ್ಬ ಈ ಹಂತಕ್ಕೆ ಬಂದಿದ್ದರೆ ಆ ಕ್ಷೇತ್ರ ಅವನ ಹೆಸರಿನ ಜೊತೆಗೇ ಅಂಟಿಕೊಂಡುಬಿಡುತ್ತಿತ್ತು.

ನಂತರ ನಕಾಶೆ ಬದಲಾಯಿತು. 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯ ಪ್ರಕಾರ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಆಧರಿಸಿ ಗಡಿಗಳನ್ನು ಮತ್ತೆ ಎಳೆಯಿತು. ಹೊಸ ಗಡಿಗಳ ಮೇಲೆ ವಿಧಾನಸಭಾ ಚುನಾವಣೆ ಎದುರಿಸಿದ ಮೊದಲ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ. ಒಟ್ಟು ಸ್ಥಾನ 224 ಆಗಿಯೇ ಉಳಿದರೂ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೂ ಪರಿಶಿಷ್ಟ ಪಂಗಡದವು 2ರಿಂದ 15ಕ್ಕೂ ಏರಿದವು. ತುಮಕೂರು ಜಿಲ್ಲೆಯ 13 ಕ್ಷೇತ್ರಗಳು 11ಕ್ಕೆ ಇಳಿದವು. ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಎಂಬ ಹೆಸರಿನ ಕ್ಷೇತ್ರಗಳು ಇಲ್ಲವಾದವು. ಪಾವಗಡ ಮೀಸಲಾಗಿಯೇ ಉಳಿಯಿತು. ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಪಕ್ಕದ ಕೊರಟಗೆರೆ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೀಸಲು ಕ್ಷೇತ್ರಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿಹೋಗಿರಬೇಕು, ಸಾಧ್ಯವಾದಷ್ಟೂ ಪರಿಶಿಷ್ಟರ ಜನಸಂಖ್ಯೆಯ ಪ್ರಮಾಣ ಹೆಚ್ಚಿರುವಲ್ಲಿ ಇರಬೇಕು ಎಂಬುದು ಕಾಯ್ದೆಯ ನಿಯಮ. ಅಲ್ಲಿ ಈಗಾಗಲೇ ಯಾರು ಎಷ್ಟು ವರ್ಷ ದುಡಿದಿದ್ದಾರೆ ಎಂಬ ಪ್ರಶ್ನೆ ಆ ನಿಯಮದಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅದರ ಫಲ ಮಾತ್ರ ವ್ಯಕ್ತಿಗಳ ಮೇಲೆ ಬೀಳುತ್ತದೆ.

ಮುಂದೆ ನಡೆದದ್ದು ಅಕ್ಷರಶಃ ಅದಲುಬದಲು. ಕೊರಟಗೆರೆಯನ್ನು 1994ರಿಂದ ಮೂರು ಬಾರಿ ಗೆದ್ದಿದ್ದವರು ಜನತಾ ಪರಿವಾರದ ಸಿ. ಚನ್ನಿಗಪ್ಪ. ಅವರ ಕ್ಷೇತ್ರ ಮೀಸಲಾದಾಗ ಅವರ ಮಗ ಡಿ.ಸಿ. ಗೌರಿಶಂಕರ್ 2008ರಲ್ಲಿ ಹೊಸದಾಗಿ ಸಾಮಾನ್ಯ ಕ್ಷೇತ್ರವಾದ ಮಧುಗಿರಿಗೆ ಹೋಗಿ ಗೆದ್ದರು. ಮಧುಗಿರಿಯ ಪರಮೇಶ್ವರ ಕೊರಟಗೆರೆಗೆ ಬಂದು ಗೆದ್ದರು. ಮೇಲ್ನೋಟಕ್ಕೆ ಇಬ್ಬರಿಗೂ ಆದದ್ದು ಒಂದೇ. ಆದರೆ ಮುಂದಿನ ವರ್ಷಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಗೌರಿಶಂಕರ್ ಅದೇ ವರ್ಷ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಉಪಚುನಾವಣೆಯಲ್ಲಿ ಮಧುಗಿರಿ ಅನಿತಾ ಕುಮಾರಸ್ವಾಮಿ ಅವರದಾಯಿತು. 2018ರಲ್ಲಿ ಗೌರಿಶಂಕರ್ ಮತ್ತೆ ಜೆಡಿಎಸ್‌ನಿಂದ ತುಮಕೂರು ಗ್ರಾಮಾಂತರ ಎಂಬ ಇನ್ನೊಂದು ಸಾಮಾನ್ಯ ಕ್ಷೇತ್ರ ಗೆದ್ದರು. ಜಿಲ್ಲೆಯ ಒಂಬತ್ತು ಸಾಮಾನ್ಯ ಕ್ಷೇತ್ರಗಳಲ್ಲಿ ಯಾವುದು ಅನುಕೂಲವೋ ಅದನ್ನು ಆಯ್ದುಕೊಳ್ಳುವ ಸಾಧ್ಯತೆ ಅವರಿಗಿತ್ತು. ಪರಮೇಶ್ವರ ಅವರಿಗೆ ಇದ್ದದ್ದು ಎರಡೇ, ಕೊರಟಗೆರೆ ಮತ್ತು ಪಾವಗಡ. ಕಾನೂನಿನ ಪ್ರಕಾರ ದಲಿತರು ಸಾಮಾನ್ಯ ಕ್ಷೇತ್ರದಲ್ಲೂ ನಿಲ್ಲಬಹುದು. ಆದರೆ ಯಾವ ದೊಡ್ಡ ಪಕ್ಷವೂ ಸಾಮಾನ್ಯ ಕ್ಷೇತ್ರದ ಬಿ ಫಾರಂ ಅನ್ನು ದಲಿತರ ಕೈಗೆ ಸುಲಭವಾಗಿ ಕೊಡುವುದಿಲ್ಲ. ರಾಜ್ಯ ಕಾಂಗ್ರೆಸ್ ಸಮಿತಿಯ (ಕೆಪಿಸಿಸಿ) ಅಧ್ಯಕ್ಷರಾಗಿ ನೂರಾರು ಬಿ ಫಾರಂಗಳಿಗೆ ಸಹಿ ಹಾಕಿದವರೂ ತಮಗಾಗಿ ಮೀಸಲು ಕ್ಷೇತ್ರವನ್ನೇ ನೆಚ್ಚಬೇಕಾಯಿತು.

ಕ್ಷೇತ್ರ ಬಿಟ್ಟು ಕ್ಷೇತ್ರಕ್ಕೆ ಹೋದರೆ ಅಷ್ಟೇನು ಕಷ್ಟ, ಮಧುಗಿರಿಗೂ ಕೊರಟಗೆರೆಗೂ ನಡುವೆ ಇರುವುದು ಬಸ್ಸಿನ ಸಣ್ಣ ಪ್ರಯಾಣ ತಾನೇ ಎಂದು ಕೇಳಬಹುದು. ಶಾಸಕನ ನೆಲೆ ಎಂದರೆ ಏನು ಎಂಬುದು ಗೊತ್ತಿದ್ದವರು ಹಾಗೆ ಕೇಳಲಾರರು. ಪ್ರತಿ ಹೋಬಳಿಯಲ್ಲಿ ಮಾತು ನಡೆಯುವ ನಾಲ್ಕಾರು ಮಂದಿ, ಗ್ರಾಮ ಪಂಚಾಯಿತಿ ಸದಸ್ಯರು, ಸೊಸೈಟಿ ಮತ್ತು ಹಾಲಿನ ಡೇರಿಯ ಪದಾಧಿಕಾರಿಗಳು, ಬೂತ್ ಮಟ್ಟದಲ್ಲಿ ಕೂರುವ ಹುಡುಗರು, ಊರ ಹಬ್ಬ ಜಾತ್ರೆಗಳ ಹಿರಿಯರು, ಇವರೆಲ್ಲರ ಜೊತೆ ವರ್ಷಾನುಗಟ್ಟಲೆ ಬೆಳೆದ ಒಡನಾಟವೇ ಆ ನೆಲೆ. ಕೊಳವೆಬಾವಿ ಬತ್ತಿದಾಗ, ವಿದ್ಯುತ್ ಪರಿವರ್ತಕ ಸುಟ್ಟಾಗ, ಪಹಣಿಯಲ್ಲಿ ಹೆಸರು ತಪ್ಪಾದಾಗ, ಆಸ್ಪತ್ರೆಗೆ ಒಂದು ಪತ್ರ ಬೇಕಾದಾಗ ಯಾರಿಗೆ ಫೋನ್ ಮಾಡಬೇಕು ಎಂಬುದು ಊರಿಗೆ ಗೊತ್ತಿರಬೇಕು. ಬರ ಕಾಡುವ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಸಕನ ಬಳಿ ಜನ ತರುವ ಬೇಡಿಕೆಗಳು ಬಹುಪಾಲು ನೀರಿಗೆ ಸಂಬಂಧಿಸಿದವೇ. ಇಂಥ ನಂಬಿಕೆ ಒಂದು ಚುನಾವಣೆಯಲ್ಲಿ ಹುಟ್ಟುವುದಿಲ್ಲ. ಗೇಣಿಗೆ ಪಡೆದ ಹೊಲಕ್ಕೆ ಹತ್ತು ವರ್ಷ ಕೆರೆಮಣ್ಣು ಹೊಡೆದು ಹದ ಮಾಡಿದವನನ್ನು, ಫಸಲು ಚೆನ್ನಾಗಿ ಬರತೊಡಗಿದ ಹೊತ್ತಿಗೆ ಪಕ್ಕದ ಹೊಲಕ್ಕೆ ಹೋಗು ಎಂದರೆ ಅವನ ಕಷ್ಟ ಹೇಗಿರುತ್ತದೋ ಮೀಸಲು ಕ್ಷೇತ್ರ ಕಳೆದುಕೊಂಡ ಶಾಸಕನದೂ ಹಾಗೆಯೇ.

ಪಕ್ಕದ ಹೊಲದಲ್ಲಿ ಆಗಲೇ ಇನ್ನೊಬ್ಬರ ಬೆಳೆ ನಿಂತಿತ್ತು ಎಂಬುದೂ ಇಲ್ಲಿ ಮುಖ್ಯ. ಕೊರಟಗೆರೆ ಮೀಸಲಾದಾಗ ಅಭ್ಯರ್ಥಿಗಳ ಜಾತಿ ಬದಲಾಯಿತು, ಮತದಾರರ ಪಕ್ಷನಿಷ್ಠೆ ಬದಲಾಗಲಿಲ್ಲ. ಹದಿನಾಲ್ಕು ವರ್ಷ ಚನ್ನಿಗಪ್ಪನವರ ಜೊತೆಗಿದ್ದ ಹೋಬಳಿ ಮುಖಂಡರು ಜನತಾ ಪರಿವಾರದಲ್ಲೇ ಉಳಿದಿದ್ದರು. ಅವರಿಗೆ ಬೇಕಾಗಿದ್ದದ್ದು ಪರಿಶಿಷ್ಟ ಜಾತಿಯ ಒಬ್ಬ ಅಭ್ಯರ್ಥಿ ಮಾತ್ರ. 2013, 2018, 2023ರ ಮೂರೂ ಚುನಾವಣೆಗಳಲ್ಲಿ ಸುಧಾಕರಲಾಲ್ ಅವರೇ ಪರಮೇಶ್ವರ ಅವರ ಸಮೀಪದ ಪ್ರತಿಸ್ಪರ್ಧಿ ಎಂಬುದು ಆ ನೆಲೆ ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ. ಇಲ್ಲಿ 1932ರ ಪೂನಾ ಒಪ್ಪಂದ ನೆನಪಿಗೆ ಬರಬೇಕು. ದಲಿತರ ಪ್ರತಿನಿಧಿಯನ್ನು ದಲಿತರೇ ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನು ಡಾ. ಅಂಬೇಡ್ಕರ್ ಕೇಳಿದ್ದರು. ಗಾಂಧೀಜಿಯವರ ಉಪವಾಸದ ಒತ್ತಡದಲ್ಲಿ ಮೀಸಲು ಸ್ಥಾನಗಳ ಸಂಖ್ಯೆ ಹೆಚ್ಚಿತು, ಆದರೆ ಮತ ಹಾಕುವವರು ಎಲ್ಲರೂ ಎಂಬ ಜಂಟಿ ಮತಕ್ಷೇತ್ರ ಬಂತು. ಅದರ ಅರ್ಥ ಕೊರಟಗೆರೆಯಂಥ ಕ್ಷೇತ್ರದಲ್ಲಿ ಬಹಳ ಸ್ಪಷ್ಟ. ಪ್ರಮುಖ ಪಕ್ಷಗಳ ಅಭ್ಯರ್ಥಿಗಳೆಲ್ಲರೂ ಪರಿಶಿಷ್ಟ ಜಾತಿಯವರೇ ಆದ್ದರಿಂದ ಆ ಮತಗಳು ಹಂಚಿಹೋಗುತ್ತವೆ. ಪರಿಶಿಷ್ಟ ಜಾತಿ ಎಂಬುದೂ ಒಂದೇ ಸಮುದಾಯವಲ್ಲ. ಎಡಗೈ, ಬಲಗೈ, ಲಂಬಾಣಿ, ಭೋವಿ ಸಮುದಾಯಗಳ ಬೇಡಿಕೆಗಳು ಬೇರೆ ಬೇರೆ ಎಂಬುದು ಒಳಮೀಸಲಾತಿಯ ಚರ್ಚೆ ಗಮನಿಸಿದ ಎಲ್ಲರಿಗೂ ತಿಳಿದದ್ದೇ. ಕೊನೆಗೆ ತೀರ್ಪು ಕೊಡುವುದು ಉಳಿದ ಸಮುದಾಯಗಳ ಮತ. ರಾಜ್ಯದ ವೇದಿಕೆಯಲ್ಲಿ ಪಕ್ಷ ಆತನನ್ನು ದಲಿತ ನಾಯಕ ಎಂದು ಮುಂದಿಡುತ್ತದೆ. ಸ್ವಂತ ಕ್ಷೇತ್ರದಲ್ಲಿ ಆತ ಎಲ್ಲ ಸಮುದಾಯಗಳ ಮನೆಯ ಮಗನಾಗಿ ಕಾಣಬೇಕು. ಈ ಎರಡು ಮುಖಗಳನ್ನು ಒಟ್ಟಿಗೆ ಹೊರುವ ಒತ್ತಾಯ ಸಾಮಾನ್ಯ ಕ್ಷೇತ್ರದ ನಾಯಕನಿಗೆ ಇಲ್ಲ.

ಇಂಥ ಹೊಸ ನೆಲದಲ್ಲಿ ಗೆದ್ದು ಎರಡೇ ವರ್ಷಕ್ಕೆ, 2010ರ ಅಕ್ಟೋಬರ್‌ನಲ್ಲಿ, ಪರಮೇಶ್ವರ ಕೆಪಿಸಿಸಿ ಅಧ್ಯಕ್ಷರಾದರು. ಕೊರಟಗೆರೆಯಲ್ಲಿ ಬೇರು ಬಿಡಬೇಕಾದ ಕಾಲದಲ್ಲೇ ರಾಜ್ಯ ಸುತ್ತುವ ಹೊಣೆ ಹೆಗಲಿಗೆ ಬಂತು. ಅವರು ಕ್ಷೇತ್ರದ ಜನರ ಕೈಗೆ ಸಿಗಲಿಲ್ಲ ಎಂಬ ದೂರು ಸುಳ್ಳಲ್ಲದಿರಬಹುದು. ಆದರೆ ಅದೇ ದೂರು ಮಧುಗಿರಿಯಲ್ಲಿ ಇಷ್ಟು ದುಬಾರಿಯಾಗುತ್ತಿತ್ತೇ? ಮೂರು ಬಾರಿ ಗೆದ್ದ ಊರಿನಲ್ಲಿ ನಾಯಕನ ಗೈರುಹಾಜರಿಯನ್ನು ತುಂಬಲು ಜನ ಇರುತ್ತಾರೆ. ಕನಕಪುರದ ಉದಾಹರಣೆ ನೋಡಿ. 2023ರಲ್ಲಿ ಕೆಪಿಸಿಸಿ ಅಧ್ಯಕ್ಷರಾಗಿ ರಾಜ್ಯವಿಡೀ ತಿರುಗಿದ ಡಿ.ಕೆ. ಶಿವಕುಮಾರ್ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. 2008ರಿಂದ ಕೈಬಿಡದೆ ಸಾಕಿದ ಕ್ಷೇತ್ರ ಅದು. ಅಧ್ಯಕ್ಷನ ಕುರ್ಚಿ ಒಂದೇ, ಅದರ ಕೆಳಗಿನ ನೆಲ ಬೇರೆ.

ಕೊರಟಗೆರೆಯ ಮತದಾರರು ತಪ್ಪು ಮಾಡಿದರು ಎಂದು ಹೇಳುವ ಧೋರಣೆಯನ್ನು ನಾನು ಒಪ್ಪುವುದಿಲ್ಲ. ಮುಖ್ಯಮಂತ್ರಿಯಾಗಬಲ್ಲವರನ್ನು ಕಳೆದುಕೊಂಡರು ಎಂದು ಅವರನ್ನು ದೂರಿದವರಿದ್ದಾರೆ. ಜಯಮಂಗಲಿಯಲ್ಲಿ ನೀರು ಹರಿಯದ ವರ್ಷಗಳು, ಎತ್ತಿನಹೊಳೆಯ ನೀರಿನ ಕಾಯುವಿಕೆ, ಆ ಯೋಜನೆಗೆಂದೇ ಬೈರಗೊಂಡ್ಲುವಿನ ಬಳಿ ಉದ್ದೇಶಿಸಿದ ಜಲಾಶಯದಲ್ಲಿ ಭೂಮಿ ಮುಳುಗುವ ಭಯ, ಪರಿಹಾರದ ದರದ ತಕರಾರು, ಇವು ಅಲ್ಲಿನ ರೈತರ ನಿತ್ಯದ ಪ್ರಶ್ನೆಗಳು. ತಮ್ಮ ಶಾಸಕ ರಾಜ್ಯಕ್ಕೆ ಎಷ್ಟು ದೊಡ್ಡವನು ಎಂದು ತೂಗುವ ಮುನ್ನ ತಮ್ಮ ಊರಿಗೆ ಎಷ್ಟು ಆಗಿಬಂದ ಎಂದು ನೋಡುವುದು ಅವರ ಹಕ್ಕು. ಒಂದು ಕ್ಷೇತ್ರದ ಕೆಲಸ ಮತ್ತು ಒಂದು ರಾಜ್ಯದ ಸಂಘಟನೆ ಎಂಬ ಎರಡು ಪೂರ್ಣಾವಧಿ ಕೆಲಸಗಳನ್ನು ಒಬ್ಬನಿಗೇ ವಹಿಸಿ, ಮೊದಲನೆಯದರಲ್ಲಿ ಸೋತರೆ ಎರಡನೆಯದರ ಫಲವೂ ಇಲ್ಲ ಎನ್ನುವ ರೂಢಿಯನ್ನು ಪ್ರಶ್ನಿಸಬೇಕಲ್ಲದೆ ಮತದಾರರನ್ನಲ್ಲ.

ಚುನಾವಣೆಯಲ್ಲಿ ಸೋತರೂ ಮುಖ್ಯಮಂತ್ರಿ ಆದವರಿಲ್ಲವೇ ಎಂಬ ಆಕ್ಷೇಪ ಸಹಜ. 2021ರಲ್ಲಿ ನಂದಿಗ್ರಾಮದಲ್ಲಿ ಸೋತ ಮಮತಾ ಬ್ಯಾನರ್ಜಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿಯೇ ಮುಂದುವರಿದು ಕೆಲವೇ ತಿಂಗಳಲ್ಲಿ ಭವಾನಿಪುರದಿಂದ ಗೆದ್ದುಬಂದರು. 2022ರಲ್ಲಿ ಖಟೀಮಾದಲ್ಲಿ ಸೋತ ಪುಷ್ಕರ್ ಸಿಂಗ್ ಧಾಮಿ ಅವರನ್ನು ಬಿಜೆಪಿ ಉತ್ತರಾಖಂಡದ ಮುಖ್ಯಮಂತ್ರಿಯಾಗಿ ಉಳಿಸಿಕೊಂಡಿತು. ಶಾಸಕರಲ್ಲದವರೂ ಆರು ತಿಂಗಳು ಸಚಿವರಾಗಿರಲು ಸಂವಿಧಾನದ 164ನೇ ವಿಧಿ ಅವಕಾಶ ಕೊಟ್ಟಿದೆ. ಆದರೆ ಆ ಇಬ್ಬರೂ ಚುನಾವಣೆಗೆ ಹೋದದ್ದೇ ಹಾಲಿ ಮುಖ್ಯಮಂತ್ರಿಗಳಾಗಿ. ಪಕ್ಷದಲ್ಲಿ ಅವರ ಸ್ಥಾನ ಮೊದಲೇ ತೀರ್ಮಾನವಾಗಿತ್ತು. ಹಿಮಾಚಲ ಪ್ರದೇಶದಲ್ಲಿ ಮುಖ್ಯಮಂತ್ರಿ ಅಭ್ಯರ್ಥಿ ಎಂದೇ ಘೋಷಿತರಾಗಿದ್ದ ಪ್ರೇಮ್ ಕುಮಾರ್ ಧುಮಾಲ್ 2017ರಲ್ಲಿ ಸುಜಾನ್‌ಪುರದಲ್ಲಿ ಸೋತಾಗ ಗೆದ್ದ ಪಕ್ಷ ಅವರನ್ನು ಬಿಟ್ಟು ಜೈರಾಮ್ ಠಾಕೂರ್ ಅವರನ್ನು ಆರಿಸಿತು. ಎರಡು ಬಾರಿ ಮುಖ್ಯಮಂತ್ರಿಯಾಗಿದ್ದವರಿಗೇ ಹೀಗಾದರೆ, ಹಲವು ಆಕಾಂಕ್ಷಿಗಳಲ್ಲಿ ಒಬ್ಬರಾಗಿದ್ದ ಪರಮೇಶ್ವರ ಅವರಿಗೆ ವಿನಾಯಿತಿ ಸಿಗುವ ಮಾತೇ ಇರಲಿಲ್ಲ. 2014ರಲ್ಲಿ ಅವರನ್ನು ವಿಧಾನ ಪರಿಷತ್ತಿಗೆ ತಂದರು. ಗೃಹ ಖಾತೆ ಕೈಗೆ ಬಂದದ್ದು 2015ರ ಅಕ್ಟೋಬರ್‌ನಲ್ಲಿ, ಸರ್ಕಾರ ಬಂದು ಎರಡೂವರೆ ವರ್ಷವಾದ ಮೇಲೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಲ್ಲಿಕಾರ್ಜುನ ಖರ್ಗೆ ಅವರ ಉದಾಹರಣೆಯಿಂದ ಬರುವಂಥದ್ದು. ದಲಿತ ನಾಯಕ ಬೇರು ಬಿಡಲಾರ ಎಂಬ ಮಾತನ್ನು ಅವರ ಬದುಕು ಸುಳ್ಳು ಮಾಡುವಂತೆ ಕಾಣುತ್ತದೆ. 1972ರಿಂದ 2004ರವರೆಗೆ ಗುರುಮಠಕಲ್‌ನಿಂದ ಸತತ 8 ಗೆಲುವು, 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೆಯದು. ಹತ್ತಿರದಿಂದ ನೋಡಿದರೆ ಈ ಉದಾಹರಣೆ ವಾದವನ್ನು ಬಲಪಡಿಸುತ್ತದೆ. ಖರ್ಗೆ ಅವರ ರಾಜಕೀಯದ ಬಹುಪಾಲು ನಡೆದದ್ದು ಗಡಿಗಳು ಅಲುಗಾಡದ ಕಾಲದಲ್ಲಿ. ಎಪ್ಪತ್ತರ ದಶಕದ ಪುನರ್ವಿಂಗಡಣೆಯ ನಂತರ 2008ರವರೆಗೆ ನಕಾಶೆ ಸ್ಥಿರವಾಗಿತ್ತು. ಆ ಸ್ಥಿರತೆಯಲ್ಲಿ ಒಬ್ಬ ದಲಿತ ನಾಯಕ ಏನು ಕಟ್ಟಬಲ್ಲ ಎಂಬುದಕ್ಕೆ ಅವರು ನಿದರ್ಶನ. 2008ರಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದಾಗ ಅವರೂ ಮೀಸಲಾದ ಚಿತ್ತಾಪುರಕ್ಕೆ ಹೋಗಬೇಕಾಯಿತು, ಮುಂದಿನ ವರ್ಷವೇ ಲೋಕಸಭೆಗೆ ಹೋದರು. ಅಷ್ಟು ಗಟ್ಟಿ ನೆಲೆ ಇದ್ದರೂ ಅವರು ಮುಖ್ಯಮಂತ್ರಿಯಾಗಲಿಲ್ಲ ಎಂಬುದನ್ನೂ ಒಪ್ಪಬೇಕು. ಸ್ಥಿರ ಕ್ಷೇತ್ರವೊಂದಿದ್ದರೆ ಎಲ್ಲವೂ ದಕ್ಕುತ್ತದೆ ಎಂಬುದು ನನ್ನ ವಾದವಲ್ಲ. ಅದಿಲ್ಲದಿದ್ದರೆ ಸ್ಪರ್ಧೆಯ ಆರಂಭದ ಗೆರೆಗೂ ತಲುಪುವುದು ಕಷ್ಟ ಎಂಬುದಷ್ಟೇ ವಾದ. ಆಂಧ್ರಪ್ರದೇಶಕ್ಕೆ 1960ರಲ್ಲೇ ದಾಮೋದರಂ ಸಂಜೀವಯ್ಯ ಸಿಕ್ಕರು, ಮಹಾರಾಷ್ಟ್ರಕ್ಕೆ 2003ರಲ್ಲಿ ಸುಶೀಲ್ ಕುಮಾರ್ ಶಿಂಧೆ. ಬಿ. ಬಸವಲಿಂಗಪ್ಪ, ಬಿ. ರಾಚಯ್ಯ, ಕೆ.ಎಚ್. ರಂಗನಾಥ್ ಅವರಂಥ ಹಿರಿಯರಿದ್ದ ಕರ್ನಾಟಕದಲ್ಲಿ 1956ರ ಏಕೀಕರಣದಿಂದ 2023ರ ಸರ್ಕಾರ ರಚನೆಯವರೆಗೂ ದಲಿತರೊಬ್ಬರು ಆ ಸ್ಥಾನಕ್ಕೆ ಬರಲಿಲ್ಲ. ಉಪಮುಖ್ಯಮಂತ್ರಿ ಸ್ಥಾನಕ್ಕೆ ಮೊದಲ ದಲಿತರು ಬಂದದ್ದೂ 2018ರಲ್ಲಿ. ಅವರು ಪರಮೇಶ್ವರ ಅವರೇ, ಕೊರಟಗೆರೆಯನ್ನು 7,619 ಮತಗಳಿಂದ ಮರಳಿ ಗೆದ್ದ ಮೇಲೆ.

ಗಡಿ ಬದಲಾದದ್ದು ಸಾಮಾನ್ಯ ಕ್ಷೇತ್ರಗಳವರಿಗೂ ಹೌದಲ್ಲ ಎಂಬ ಮಾತಿಗೆ ಉತ್ತರ ಇದೇ ನಾಲ್ಕು ತಾಲ್ಲೂಕುಗಳಲ್ಲಿದೆ. ಕಳ್ಳಂಬೆಳ್ಳ ಕ್ಷೇತ್ರ ಅಳಿಸಿಹೋದಾಗ ಟಿ.ಬಿ. ಜಯಚಂದ್ರ ಶಿರಾಕ್ಕೆ ಬಂದರು, 2008ರಲ್ಲೂ 2013ರಲ್ಲೂ ಗೆದ್ದರು. ಕಳ್ಳಂಬೆಳ್ಳ ಶಿರಾ ತಾಲ್ಲೂಕಿನದೇ ಹೋಬಳಿಯಾದ್ದರಿಂದ ಅವರ ಹಳೆಯ ಊರುಗಳು ಅವರ ಜೊತೆಗೇ ಬಂದವು. ಕೆ.ಎನ್. ರಾಜಣ್ಣ ಅವರ ಕಥೆ ಇನ್ನೂ ಕುತೂಹಲದ್ದು. 2004ರಲ್ಲಿ ಬೆಳ್ಳಾವಿಯಿಂದ ಜೆಡಿಎಸ್ ಶಾಸಕರಾಗಿದ್ದ ಅವರ ಕ್ಷೇತ್ರ ನಕಾಶೆಯಿಂದಲೇ ಮಾಯವಾಯಿತು. 2013ರಲ್ಲಿ ಅವರು ಕಾಂಗ್ರೆಸ್‌ನಿಂದ ಮಧುಗಿರಿ ಗೆದ್ದರು, 2018ರಲ್ಲಿ ಎಂ.ವಿ. ವೀರಭದ್ರಯ್ಯ ಅವರಿಗೆ ಸೋತರು, 2023ರಲ್ಲಿ ಅವರನ್ನೇ 35 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಸಹಕಾರ ಸಚಿವರಾದರು. ರಾಜಣ್ಣ ನಾಯಕ ಸಮುದಾಯದವರು, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಮಧುಗಿರಿ ಸಾಮಾನ್ಯ ಕ್ಷೇತ್ರ. ಮೀಸಲಾತಿಯ ಆಸರೆಯಿಲ್ಲದೆ ಅವರಿಗೆ ಇದು ಸಾಧ್ಯವಾದದ್ದು ಸಹಕಾರ ಚಳವಳಿಯಿಂದ. ತುಮಕೂರು ಡಿಸಿಸಿ ಬ್ಯಾಂಕಿನ ಅಧ್ಯಕ್ಷರಾಗಿ, ಅಪೆಕ್ಸ್ ಬ್ಯಾಂಕಿನ ಅಧ್ಯಕ್ಷರಾಗಿ ಅವರು ಕಟ್ಟಿದ ಸಂಪರ್ಕ ವಿಧಾನಸಭಾ ಕ್ಷೇತ್ರದ ಗಡಿಯೊಳಗೆ ಮುಗಿಯುವಂಥದ್ದಲ್ಲ. ಬೆಳೆಸಾಲ ಹರಿಯುವುದು ಡಿಸಿಸಿ ಬ್ಯಾಂಕಿನಿಂದ ಊರಿನ ಸೊಸೈಟಿಗೆ, ಸೊಸೈಟಿಯಿಂದ ರೈತನ ಕೈಗೆ. ಬಿತ್ತನೆಗೆ ಮುನ್ನ ಸಾಲ ಸಿಕ್ಕಿತೇ ಇಲ್ಲವೇ ಎಂಬುದು ಶೇಂಗಾ ಬೆಳೆಯುವ ಮನೆಯಲ್ಲಿ ಜಾತಿಗಿಂತ ಮೊದಲು ಬರುವ ಪ್ರಶ್ನೆ. ಬೆಳ್ಳಾವಿ ಹೋದರೂ ಈ ಜಾಲ ಹೋಗಲಿಲ್ಲ.

ಪರಮೇಶ್ವರ ಅವರ ಬೆನ್ನಿಗೂ ಸಂಸ್ಥೆ ಇತ್ತು, ಅದೂ ದೊಡ್ಡದು. ಶಿಕ್ಷಣ ಸಂಸ್ಥೆಯ ಬಲವಿದ್ದವರು ಚುನಾವಣೆಯನ್ನು ಹಣದಿಂದಲೇ ಗೆಲ್ಲುತ್ತಾರೆ, ಇದರಲ್ಲಿ ಮೀಸಲು ಕ್ಷೇತ್ರದ ಅನನುಕೂಲ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಹಣವೇ ತೀರ್ಪು ಕೊಡುವುದಾದರೆ 2013ರ ಸೋಲಿಗೆ ವಿವರಣೆಯೇ ಸಿಗುವುದಿಲ್ಲ. ಶಿಕ್ಷಣ ಸಂಸ್ಥೆಗೂ ಸಹಕಾರ ಸಂಸ್ಥೆಗೂ ಇರುವ ವ್ಯತ್ಯಾಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದು ನಾಲ್ಕಾರು ವರ್ಷದಲ್ಲಿ ಹೊರಟುಹೋಗುತ್ತಾರೆ. ಸೊಸೈಟಿಯ ಸದಸ್ಯ ಅದೇ ಊರಿನ ಮತದಾರ, ಪ್ರತಿ ವರ್ಷ ಸಾಲ ತೀರಿಸಿ ಮತ್ತೆ ಪಡೆಯುವವನು. ಒಂದು ಸಂಸ್ಥೆ ಘನತೆ ಕೊಡುತ್ತದೆ, ಇನ್ನೊಂದು ಹೋಬಳಿಯ ಮತ ಕೊಡುತ್ತದೆ. ಹಾಗೆಂದು ಸಹಕಾರದ ಬಲ ಎಲ್ಲಕ್ಕೂ ಸಾಲುತ್ತದೆ ಎಂದೂ ಅಲ್ಲ. 2025ರ ಆಗಸ್ಟ್‌ನಲ್ಲಿ ಮತದಾರರ ಪಟ್ಟಿಯ ಕುರಿತು ಆಡಿದ ಮಾತಿನ ಬೆನ್ನಲ್ಲೇ ರಾಜಣ್ಣ ಅವರನ್ನು ಸಂಪುಟದಿಂದ ಕೈಬಿಡಲಾಯಿತು. ಕ್ಷೇತ್ರದ ನೆಲೆ ಶಾಸಕನ ಸ್ಥಾನವನ್ನು ಕಾಯುತ್ತದೆ, ಸಚಿವ ಸ್ಥಾನದ ಕೀಲಿ ಹೈಕಮಾಂಡ್ ಬಳಿ ಇರುತ್ತದೆ.

ಇನ್ನೂ ಒಂದು ಮಾತನ್ನು ಎದುರಿಸಬೇಕು. ಮೀಸಲು ಕ್ಷೇತ್ರದಿಂದ ಬಂದವರು ದುರ್ಬಲ ಶಾಸಕರಾಗುತ್ತಾರೆ, ಅಲ್ಲಿ ಅಭಿವೃದ್ಧಿ ಆಗುವುದಿಲ್ಲ ಎಂಬ ಗೊಣಗಾಟ ನಗರದ ಮಧ್ಯಮವರ್ಗದಲ್ಲಿ ಆಗಾಗ ಕೇಳಿಬರುತ್ತದೆ. ನಾರ್ವೆಯ ರಾಜಕೀಯ ವಿಜ್ಞಾನಿ ಫ್ರಾನ್ಸೆಸ್ಕಾ ಯೆನ್ಸೇನಿಯಸ್ ಭಾರತದ ಮೀಸಲು ವಿಧಾನಸಭಾ ಕ್ಷೇತ್ರಗಳನ್ನು ದಶಕಗಳ ಅಂಕಿಅಂಶಗಳೊಂದಿಗೆ ಅಧ್ಯಯನ ಮಾಡಿ ಈ ನಂಬಿಕೆಗೆ ಆಧಾರವಿಲ್ಲ ಎಂದು ತೋರಿಸಿದ್ದಾರೆ. ಅಭಿವೃದ್ಧಿಯ ಅಳತೆಯಲ್ಲಿ ಮೀಸಲು ಕ್ಷೇತ್ರಗಳಿಗೂ ಅಂಥವೇ ಸಾಮಾನ್ಯ ಕ್ಷೇತ್ರಗಳಿಗೂ ಹೇಳಿಕೊಳ್ಳುವ ಅಂತರವಿಲ್ಲ. ಎಲ್ಲ ಸಮುದಾಯಗಳ ಮತ ಬೇಕಾದ್ದರಿಂದ ಆ ಶಾಸಕರು ಉಳಿದ ಶಾಸಕರಂತೆಯೇ ನಡೆದುಕೊಳ್ಳುತ್ತಾರೆ. ಅಂದರೆ ಕೊರತೆ ಇರುವುದು ಅವರ ಕೆಲಸದಲ್ಲಲ್ಲ. ಕ್ಷೇತ್ರದಾಚೆ ಬೆಳೆಯುವ ದಾರಿಯಲ್ಲಿ.

ಇದು ಹಳೆಯ ಕಥೆಯಾಗಿ ಮುಗಿಯುವುದಿಲ್ಲ. 2002ರಲ್ಲಿ ಜಾರಿಗೆ ಬಂದ ಸಂವಿಧಾನದ 84ನೇ ತಿದ್ದುಪಡಿ ವಿಧಾನಸಭೆಗಳ ಸ್ಥಾನಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಿಡಿದಿಟ್ಟಿದೆ. ಆ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಎಂದು ಕೇಂದ್ರ ಪ್ರಕಟಿಸಿದೆ. ಅದರ ನಂತರದ ಪುನರ್ವಿಂಗಡಣೆಯಲ್ಲಿ ಮೀಸಲು ಪಟ್ಟಿ ಮತ್ತೆ ಬದಲಾಗಲಿದೆ. ಕೊರಟಗೆರೆ ಸಾಮಾನ್ಯ ಕ್ಷೇತ್ರವಾಗಬಹುದು, ಮಧುಗಿರಿಯೋ ಶಿರಾವೋ ಮೀಸಲಾಗಬಹುದು. ಇದರ ಮೇಲೆ 2023ರ 106ನೇ ತಿದ್ದುಪಡಿಯಂತೆ ಮೂರನೇ ಒಂದು ಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲು, ಅವೂ ಪ್ರತಿ ಪುನರ್ವಿಂಗಡಣೆಯ ನಂತರ ಸರದಿಯಂತೆ ಬದಲಾಗಬೇಕು. ಮಹಿಳಾ ಮೀಸಲಾತಿ ಇಷ್ಟು ತಡವಾಗಿಯಾದರೂ ಬಂದದ್ದು ಒಳ್ಳೆಯದೇ. ಆದರೆ ಗೆದ್ದ ಮಹಿಳೆಯರಿಗೂ ಪರಮೇಶ್ವರ ಅವರಿಗೆ ಆದದ್ದೇ ಆದರೆ, ಬೇರು ಬಿಡುವ ಹೊತ್ತಿಗೆ ನೆಲ ಕೈಬಿಟ್ಟರೆ, ಸಂಖ್ಯೆ ಇರುತ್ತದೆ, ನಾಯಕತ್ವ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಅವಧಿಯಿಂದ ಅವಧಿಗೆ ಬದಲಾಗುವುದನ್ನು ನೋಡಿದ್ದೇವೆ. ಕಷ್ಟಪಟ್ಟು ಕೆಲಸ ಕಲಿತ ಎಷ್ಟೋ ಹೆಣ್ಣುಮಕ್ಕಳು ಒಂದೇ ಅವಧಿಗೆ ಮನೆಗೆ ಮರಳಿದ್ದಾರೆ.

ಪರಿಹಾರ ಮೀಸಲಾತಿಯನ್ನು ಕಡಿಮೆ ಮಾಡುವುದರಲ್ಲಿ ಖಂಡಿತ ಇಲ್ಲ. ಪಕ್ಷಗಳ ಕೈಯಲ್ಲಿರುವ ಕೆಲಸವೇ ದೊಡ್ಡದು. ಒಂದು ಕ್ಷೇತ್ರವನ್ನು ಮೂರು ಬಾರಿ ಗೆದ್ದ ದಲಿತ ಶಾಸಕನಿಗೆ, ಆ ಕ್ಷೇತ್ರ ಸಾಮಾನ್ಯವಾದರೂ ಅಲ್ಲೇ ಟಿಕೆಟ್ ಕೊಡುವ ಧೈರ್ಯವನ್ನು ಒಂದು ಪಕ್ಷವಾದರೂ ತೋರಬೇಕು. ಮಧುಗಿರಿ ಪರಿಶಿಷ್ಟ ಪಂಗಡದವರೊಬ್ಬರನ್ನು ಎರಡು ಸಲ ಗೆಲ್ಲಿಸಿದ ಸಾಮಾನ್ಯ ಕ್ಷೇತ್ರ. ಅದೇ ಊರು 1999ರಲ್ಲಿ ಭಾರೀ ಅಂತರದಿಂದ ಆರಿಸಿದ್ದ ದಲಿತ ನಾಯಕನನ್ನು 2008ರಲ್ಲಿ ಖಂಡಿತ ತಿರಸ್ಕರಿಸುತ್ತಿತ್ತು ಎಂದು ಹೇಳಲು ಯಾವ ಆಧಾರವೂ ಇಲ್ಲ. ಆ ಪ್ರಯೋಗವನ್ನು ಕಾಂಗ್ರೆಸ್ ಮಾಡಲಿಲ್ಲ. ಎರಡನೆಯದಾಗಿ, ರಾಜ್ಯಾಧ್ಯಕ್ಷನ ಮುಂದಿನ ದಾರಿ ಆತನ ಕ್ಷೇತ್ರದ ಫಲಿತಾಂಶವೊಂದರ ಮೇಲೆ ನಿಲ್ಲದಂತೆ ಪಕ್ಷ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಬಂಗಾಳ, ಉತ್ತರಾಖಂಡಗಳಲ್ಲಿ ಪ್ರಬಲರಿಗೆ ಸಿಕ್ಕ ರಿಯಾಯಿತಿ ದಲಿತ ಅಧ್ಯಕ್ಷನಿಗೂ ಸಿಗಬೇಕಾದದ್ದು ನ್ಯಾಯ.

ಆಯೋಗದ ಮಟ್ಟದಲ್ಲೂ ಮಾತಾಡಲು ಜಾಗವಿದೆ. ಹಿಂದಿನ ಕಾಯ್ದೆಯಲ್ಲಿ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಮತದಾನದ ಹಕ್ಕು ಇಲ್ಲದಿದ್ದರೂ ಅಭಿಪ್ರಾಯ ದಾಖಲಿಸುವ ಹಕ್ಕು ಅವರಿಗಿತ್ತು. ಕರಡು ಪ್ರಕಟಿಸಿ ಬಹಿರಂಗ ಸಭೆಗಳಲ್ಲಿ ಆಕ್ಷೇಪಣೆ ಕೇಳಲಾಗುತ್ತಿತ್ತು. ಮುಂದಿನ ಆಯೋಗ ಬಂದಾಗ ಜನಸಂಖ್ಯೆಯ ಪ್ರಮಾಣದಲ್ಲಿ ಹೆಚ್ಚು ಅಂತರವಿಲ್ಲದ ಎರಡು ಪಕ್ಕದ ಕ್ಷೇತ್ರಗಳಿದ್ದರೆ, ಈಗಾಗಲೇ ಮೀಸಲಾಗಿರುವುದನ್ನೇ ಇನ್ನೊಂದು ಸುತ್ತು ಉಳಿಸಿಕೊಳ್ಳಿ ಎಂದು ಕೇಳಲು ಸಾಧ್ಯವಿದೆ. ಸಾಮಾನ್ಯವಾಗಿ ಇಂಥ ಸಭೆಗಳಿಗೆ ಹೋಗಿ ಅರ್ಜಿ ಕೊಡುವವರು ಯಾವ ಹೋಬಳಿ ಯಾವ ಕ್ಷೇತ್ರಕ್ಕೆ ಸೇರಬೇಕು ಎಂಬ ಲೆಕ್ಕದವರು. ಮೀಸಲು ಸ್ಥಿರವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊರಟಗೆರೆಯೇ ಉದಾಹರಣೆ. 2023ರಲ್ಲಿ ಪರಮೇಶ್ವರ ಕೊರಟಗೆರೆಯನ್ನು 14,347 ಮತಗಳಿಂದ ಗೆದ್ದರು, ಅಂತರ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹೊಸ ನೆಲದಲ್ಲಿ ಬೇರು ಇಳಿಯಲು ಹದಿನೈದು ವರ್ಷ ಹಿಡಿದಿತ್ತು. ಮುಂದಿನ ನಕಾಶೆ ಬರುವ ಹೊತ್ತಿಗೆ ಅವರಿಗೆ ಎಪ್ಪತ್ತೈದು ದಾಟಿರುತ್ತದೆ. ಅವರ ನಂತರ ಕೊರಟಗೆರೆಯಲ್ಲೋ ಪಾವಗಡದಲ್ಲೋ ಮೊದಲ ಸಲ ನಿಲ್ಲುವ ಯುವಕನಿಗೆ ಅಥವಾ ಯುವತಿಗೆ ಆ ಊರನ್ನು ಎಷ್ಟು ಚುನಾವಣೆಗಳವರೆಗೆ ನೆಚ್ಚಬಹುದು ಎಂದು ಇವತ್ತು ಯಾವ ಪಕ್ಷದ ಕಚೇರಿಯೂ ಹೇಳಲಾರದು.